ಸಾಯಲು ಸರಿಯಾದ ಕಾಯಿಲೆ ಯಾವುದು?

ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಅಮ್ಮ ಸಾಯುತ್ತಿದ್ದಾಳೆ. ನನ್ನ ದೂರು ಅದಲ್ಲ. ಕಿಡ್ನಿ ಸೋತವರು ನರಳದೆ ಸಾಯುವುದಕ್ಕೆ ನಿಮ್ಮ ನಿಯಮಗಳಲ್ಲಿ ಜಾಗವೇ ಇಲ್ಲ ಎಂಬುದು ನನ್ನ ದೂರು.

ಅಮ್ಮ ದರ್ಜಿ. ನಮ್ಮ ಬೀದಿಯ ಮಕ್ಕಳ ಸಮವಸ್ತ್ರವೆಲ್ಲ ಅವಳ ಕೈಯಲ್ಲೇ ಆದದ್ದು. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡಳು. ಈಚೆಗೆ ಹೃದಯವೂ ಸೋತು, ಯಂತ್ರದಿಂದ ಬಿಡಿಸಿಕೊಂಡು ಮನೆಗೆ ಬಂದರೆ ಮರುದಿನವೆಲ್ಲ ಹಾಸಿಗೆಯಿಂದ ಏಳುತ್ತಿರಲಿಲ್ಲ. ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಹೋಗುವ ದಿನ ಬಂದಿರುತ್ತಿತ್ತು. ಕೊನೆಗೆ ಅವಳೇ ವೈದ್ಯರೆದುರು ಕೂತು, "ಸಾಕು ಡಾಕ್ಟ್ರೇ, ಇನ್ನು ಬರೋದಿಲ್ಲ. ಮನೇಲೇ ಇರ್ತೀನಿ" ಎಂದಳು. ವೈದ್ಯರು ಒಳ್ಳೆಯವರು. ಬೈಯಲಿಲ್ಲ, ಹೆದರಿಸಲಿಲ್ಲ. "ಆಗ್ಲಿ ಅಮ್ಮಾ. ಉಸಿರು ಕಟ್ಟದ ಹಾಗೆ, ತುರಿಕೆ ಕಾಡದ ಹಾಗೆ ನೋಡ್ಕೊಳ್ಳೋಕೆ ಉಪಶಾಮಕ ಆರೈಕೆಯ ನರ್ಸ್ ಮನೆಗೇ ಬರ್ತಾರೆ" ಎಂದರು. ಪಾಪ, ನಿಮ್ಮ ನಿಯಮ ಅವರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಆ ಆರೈಕೆಯ ವಿಭಾಗ ಡಯಾಲಿಸಿಸ್ ಕೋಣೆಯ ಮೇಲಿನ ಮಹಡಿಯಲ್ಲೇ ಇದೆ. ಕಿಟಕಿಯ ಹಿಂದಿದ್ದ ಗುಮಾಸ್ತರು ತಲೆಯೆತ್ತದೆ ಕೇಳಿದರು: "ಯಾವ ಕ್ಯಾನ್ಸರು?"

"ಕ್ಯಾನ್ಸರ್ ಅಲ್ಲ ಸಾರ್, ಕಿಡ್ನಿ."

"ಕಿಡ್ನಿ ಕ್ಯಾನ್ಸರಾ?" ದನಿಯಲ್ಲಿ ಆಸೆಯಿತ್ತು.

"ಅಲ್ಲ. ಬರೀ ಕಿಡ್ನಿ ಹೋಗಿದೆ."

"ಛೆ!" ಎಂದರು. ಕ್ಯಾನ್ಸರ್ ಇಲ್ಲವೆಂಬ ಸುದ್ದಿಗೆ ಮರುಗಿದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ನರ್ಸ್ ಹೋಗುವುದು ಕ್ಯಾನ್ಸರ್ ರೋಗಿಗಳ ಮನೆಗೆ ಮಾತ್ರವಂತೆ. ಕೆಳಗಿಳಿದು ಬಂದೆ. ಡಯಾಲಿಸಿಸ್ ವಿಭಾಗವೂ ಮನೆಗೆ ನರ್ಸ್ ಕಳಿಸುತ್ತದೆ. ಆದರೆ ಡಯಾಲಿಸಿಸ್ ಪಡೆಯುತ್ತಿರುವವರಿಗೆ ಮಾತ್ರ. "ನೀವು ನಿಲ್ಲಿಸಿದ್ದೀರಲ್ಲಮ್ಮ, ಈಗ ಅವರು ನಮ್ಮ ರೋಗಿ ಅಲ್ಲ. ಮತ್ತೆ ಶುರು ಮಾಡ್ಸಿ, ಆಮೇಲೆ ನೋಡೋಣ" ಎಂದರು ಅಲ್ಲಿನವರು. ಮಾನ್ಯರೇ, ನಿಲ್ಲಿಸಿದ ಮೇಲೆ ಬೇಕಾಗುವ ಆರೈಕೆಯನ್ನು ಪಡೆಯಲು ಮತ್ತೆ ಶುರು ಮಾಡಬೇಕೆ? ಈ ನಿಯಮ ಬರೆದ ಪುಣ್ಯಾತ್ಮರು ಬರೆದಾದ ಮೇಲೆ ಅದನ್ನೊಮ್ಮೆ ಓದಿದ್ದಾರೆಯೇ? ಅಥವಾ ಕಿಡ್ನಿ ಹೋದವರಿಗೆ ಸಾಯುವಾಗ ಕಷ್ಟವೇ ಇರುವುದಿಲ್ಲವೆಂದು, ಸತ್ತವರು ಯಾರಾದರೂ ಬಂದು ತಮಗೆ ಹೇಳಿಹೋಗಿದ್ದಾರೆಯೇ?

ಮನೆಗೆ ಬಂದಾಗ ಅಮ್ಮ ಹೊಲಿಗೆಯ ಮರದ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಬೆನ್ನಿನ ಮೇಲೆ ರಕ್ತದ ಗೀರು. ನಡೆದದ್ದನ್ನು ಹೇಳಿದೆ. "ನಾನು ಆಳಿನ ಅಳತೆ ತಗೊಂಡು ಅಂಗಿ ಹೊಲೀತಿದ್ದೆ ಕಣೇ. ಇವರು ಅಂಗಿ ಮೊದ್ಲೇ ಹೊಲಿದಿಟ್ಟು, ಸರಿಹೋಗ್ಲಿಲ್ಲ ಅಂತ ಆಳನ್ನೇ ವಾಪಸ್ ಕಳಿಸ್ತಾರಲ್ಲ!" ಎಂದು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು. ಬೆನ್ನು ನೀವುತ್ತಾ ಕೂತೆ. ಹೆದರಿದ್ದೇನೆ, ಮಾನ್ಯರೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಮ್ಮನ ಆಸೆ ದೊಡ್ಡದೇನಲ್ಲ. ಇಷ್ಟು ವರ್ಷ ಗುಟುಕು ಅಳೆದು ನೀರು ಕುಡಿದವಳಿಗೆ ಒಂದು ಲೋಟದ ತುಂಬ ಚಹಾ ಬೇಕು. ಕುಡಿಯಬಹುದೆಂದು ವೈದ್ಯರೂ ಹೇಳಿದ್ದಾರೆ. ಆದರೆ ಉಸಿರು ಸಿಕ್ಕಿಕೊಂಡರೆ ಯಾರನ್ನು ಕರೆಯುವುದೆಂಬ ಭಯಕ್ಕೆ ಇವತ್ತೂ ಅರ್ಧಕ್ಕೇ ಕೆಳಗಿಟ್ಟಳು.

ಆದ್ದರಿಂದ ಕಾಯಿಲೆಯ ಹೆಸರು ಕೇಳುವುದನ್ನು ಬಿಟ್ಟು ನರಳಾಟವನ್ನು ಕೇಳುವಂತೆ ಆ ಕಿಟಕಿಗೆ ಆದೇಶ ಕೊಡಿ. ಸಮಿತಿ ಗಿಮಿತಿ ಎಂದು ಎಳೆಯಬೇಡಿ. ಅಮ್ಮನಿಗೆ ಅಷ್ಟು ಪುರುಸೊತ್ತಿಲ್ಲ. ಈ ವಾರವೇ ಒಬ್ಬ ನರ್ಸನ್ನು ಔಷಧಿಯೊಂದಿಗೆ ನಮ್ಮ ಮನೆಗೆ ಕಳಿಸಿ. ಅವರು ಬಂದು ಪಕ್ಕದಲ್ಲಿ ಕೂತರೆ ಲೋಟ ಪೂರ್ತಿ ಮುಗಿಸುತ್ತೇನೆ ಎಂದಿದ್ದಾಳೆ.

ಇಂತಿ,
ಕ್ಯಾನ್ಸರ್ ಬಾರದ ತಪ್ಪಿಗೆ ನರಳುತ್ತಿರುವ ದರ್ಜಿಯ ಮಗಳು