ಕಾಲು ನೆಲಕ್ಕೆ ತಾಗುವ ಬೈಕು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಂಡುಸೂಜಿ,

ಹೇಗಿದ್ದೀಯೆ? ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ಬರಲಿಲ್ಲವೆಂದು ನೀನು ಅಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀಯೆಂದು ನನಗೆ ಗೊತ್ತು. ಊದಿಸಿಕೋ, ತಪ್ಪು ನನ್ನದೇ. ಆದರೆ ಬಯ್ಯುವ ಮುಂಚೆ ಕಾರಣ ಕೇಳು. ಚಿತ್ರಮಂದಿರದವರು ನೂರಾ ಹತ್ತು ಹರಿದ ಸೀಟುಗಳನ್ನು ತಂದು ನಮ್ಮ ಕುಶನ್ ಅಂಗಡಿಯಲ್ಲಿ ಸುರಿದು ಹೋದರು. ನೀನು ಕೆಲಸ ಬಿಟ್ಟ ಮೇಲೆ ಯಜಮಾನರು ನಿನ್ನ ಮೆಷಿನ್ನಿಗೆ ಇನ್ನೂ ಯಾರನ್ನೂ ಕೂರಿಸಿಲ್ಲ. ಅದರ ಮೇಲೆ ಈಗ ಅವರ ಊಟದ ಡಬ್ಬಿ ಕೂತಿದೆ. ನೂರಾ ಹತ್ತನ್ನೂ ನಾನೊಬ್ಬಳೇ ಹೊಲಿದೆ. ಬೆರಳ ತುದಿ ನೋಡಿದರೆ ನೀನು ಅತ್ತುಬಿಡುತ್ತೀಯೆ.

ಎರಡನೆಯ ಕಾರಣ ಬೈಕು. "ಲೈಸೆನ್ಸ್ ಸಿಕ್ಕಿತಲ್ಲ, ಯಾವುದು ತಗೊಂಡೆ?" ಎಂದು ನೀನು ಒಂದೇ ಸಾಲಿನಲ್ಲಿ ಕೇಳಿದ್ದೆ. ಉತ್ತರವನ್ನೂ ಒಂದೇ ಸಾಲಿನಲ್ಲಿ ಬರೆಯಬಹುದಿತ್ತು, ಈ ಊರಿನಲ್ಲಿ ಬಾಯಿ ಇದ್ದವರೆಲ್ಲ ಸುಮ್ಮನಿದ್ದಿದ್ದರೆ. ಕೇಳೀ ಕೇಳೀ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ ಕಣೇ.

ನನಗೆ ಬೇಕಾದ ಜಾತಿ ಯಾವುದೆಂದು ನಿನಗೆ ಗೊತ್ತೇ ಇದೆ. ತಗ್ಗಿನ ಸೀಟು, ಹಿಂದಕ್ಕೆ ಬಾಗಿದ ಹ್ಯಾಂಡಲ್, ಕಾಲು ಮುಂದಕ್ಕೆ ಚಾಚಿ ಕೂತು ಗತ್ತಿನಿಂದ ಹೋಗುವ ಕ್ರೂಸರ್. ಅಂಥವು ಸೀಟು ಹೊಲಿಸಲು ಅಂಗಡಿಗೆ ಬಂದಾಗೆಲ್ಲ ಅಳತೆ ತೆಗೆಯುವ ನೆವದಲ್ಲಿ ಹತ್ತಿ ಕೂತು ನಾನು ನಿನ್ನ ನಗೆಗೆ ಗುರಿಯಾಗಿಲ್ಲವೇ? ಶೋರೂಮಿನಲ್ಲಿ ಅಂಥವು ಎರಡಿವೆ. ಚಿಕ್ಕದು ಮುನ್ನೂರೈವತ್ತು ಸಿಸಿ, ನೂರಾ ಅರವತ್ತು ಕಿಲೋ. ದೊಡ್ಡದರ ಎಂಜಿನ್ ಅದರ ಎರಡರಷ್ಟಕ್ಕಿಂತ ಹೆಚ್ಚು, ತೂಕ ಇನ್ನೂರ ನಲವತ್ತು ಕಿಲೋ. ಐವತ್ತೊಂದನೇ ವಯಸ್ಸಿನಲ್ಲಿ ಬೈಕು ಕಲಿತು ಎಂಟು ತಿಂಗಳಾದ ಹೆಂಗಸು ಯಾವುದನ್ನು ಕೊಳ್ಳಬೇಕು? ಇಷ್ಟೇ ಪ್ರಶ್ನೆ.

ನನ್ನ ತಮ್ಮ ಬಂದವನೇ, "ಅಕ್ಕಾ, ಚಿಕ್ಕದು ಆರು ತಿಂಗಳಿಗೆ ಸಾಕನ್ಸುತ್ತೆ. ಆಮೇಲೆ ಅದನ್ನ ಮಾರಿ ದೊಡ್ಡದು ತಗೋತೀಯ. ಅದರ ಬದಲು ಈಗ್ಲೇ ದೊಡ್ಡದು ತಗೊಂಬಿಡು" ಎಂದ. ಇಷ್ಟು ಹೇಳಿ ಬಸ್ಸು ತಪ್ಪುತ್ತದೆಂದು ಓಡಿಹೋದ. ಸೈಕಲ್ಲೂ ಹೊಡೆಯಲು ಬರದ ಮಹಾನುಭಾವ! ಅಂಗಡಿಯ ಯಜಮಾನರು ತಲೆಯನ್ನೂ ಎತ್ತದೆ, "ನಿನ್ನ ವಯಸ್ಸಿಗೆ ಎರಡೂ ಬೇಡ" ಎಂದರು. ಹಲ್ಲಿನ ಡಾಕ್ಟರಂತೂ ನನ್ನ ಬಾಯೊಳಗೆ ಎರಡು ಕೈ, ಒಂದು ಕನ್ನಡಿ, ಒಂದು ಕೊಕ್ಕೆ ತುರುಕಿಕೊಂಡು, ಹೆದ್ದಾರಿಯಲ್ಲಿ ಗಾಳಿ ಹೊಡೆದಾಗ ಚಿಕ್ಕದು ಹೇಗೆ ಅಲ್ಲಾಡುತ್ತದೆ, ದೊಡ್ಡದು ಹೇಗೆ ಅಲ್ಲಾಡುವುದಿಲ್ಲ ಎಂದು ಇಪ್ಪತ್ತು ನಿಮಿಷ ಪಾಠ ಮಾಡಿದರು. ನಾನು "ಆಂ, ಆಂ" ಎಂದೆ. ಇನ್ನೇನು ಅನ್ನಲಿ?

ಅಗ್ನಿಶಾಮಕ ಠಾಣೆಯ ಹಿಂದಿನ ಮೈದಾನದಲ್ಲಿ ನನಗೆ ಬೈಕು ಕಲಿಸಿದಾಕೆ ಒಬ್ಬಳೇ ಬುದ್ಧಿಯ ಮಾತಾಡಿದ್ದು. "ಹೊಸಬರು ಜೋರಾಗಿ ಹೋಗೋವಾಗ ಬೀಳಲ್ಲಮ್ಮ. ನಿಲ್ಲಿಸೋವಾಗ ಬೀಳ್ತಾರೆ, ತಿರುಗಿಸೋವಾಗ ಬೀಳ್ತಾರೆ. ನಿಲ್ಲಿಸೋಕಾಗೋ ಬೈಕ್ ತಗೊಳ್ಳಿ, ಓಡಿಸೋದು ತಾನಾಗೇ ಬರುತ್ತೆ" ಎಂದಳು. ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳೋಣ ಎನ್ನಿಸಿತು.

ಆದರೆ ನಮ್ಮ ಮನೆಯ ಗೋಡೆಗಳ ನಡುವೆ ನಮ್ಮವರಿದ್ದಾರಲ್ಲ! ಅವರಿಗೆ ಮೊದಲ ದಿನದಿಂದ ದೊಡ್ಡದೇ ಆಗಬೇಕು. ಅವರ ಕಣ್ಣಿನ ವಿಷಯ ನೀನು ಕೇಳಿದ್ದೆ. ಹಾಗೆಯೇ ಇದೆ. ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಕೊಳವೆಯೊಳಗಿಂದ ನೋಡಿದಂತೆ. ಲಿಫ್ಟು ರಿಪೇರಿಯ ಚೀಲ ನೇತುಹಾಕಿಕೊಂಡು ಇಡೀ ಊರು ಸುತ್ತುತ್ತಿದ್ದ ಮನುಷ್ಯ, ಬೈಕನ್ನು ಅಂಚೆಯವನಿಗೆ ಮಾರಿ ಎರಡು ವರ್ಷವಾಯಿತು. ಈಗ ಕಂಪನಿಯ ಕಚೇರಿಯಲ್ಲಿ ಫೋನಿನ ಮುಂದೆ ಕೂತು, ಯಾವ ಕಟ್ಟಡದ ಲಿಫ್ಟು ಎಷ್ಟನೇ ಮಹಡಿಯಲ್ಲಿ ಸಿಕ್ಕಿಕೊಂಡಿದೆ ಎಂದು ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ನಾನು ಕೈ ಹಿಡಿದು ರಸ್ತೆ ದಾಟಿಸಿ ಬಸ್ಸು ಹತ್ತಿಸಬೇಕು, ಸಂಜೆ ಇಳಿಸಿಕೊಳ್ಳಬೇಕು. ಅದರ ಬಗ್ಗೆ ಅವರು ಒಂದು ಮಾತೂ ಆಡುವುದಿಲ್ಲ. ಮಾತೆಲ್ಲ ಬೈಕಿನ ಮೇಲೆ.

"ಏರು ಬಂತು ಅಂದ್ರೆ ಚಿಕ್ಕದು ಏದುಸಿರು ಬಿಡುತ್ತೆ" ಎನ್ನುತ್ತಾರೆ.

"ನಾನು ಐವತ್ತೈದು ಕಿಲೋ ಇದೀನಿ. ನನ್ನನ್ನ ಎಳೆಯೋಕೆ ಅದಕ್ಕೇನು ಕಷ್ಟ?"

"ಮುಂದೆ ಬೇಕಾಗುತ್ತೆ, ತಗೊಂಡಿರು."

ಮುಂದೆ ಏನು ಬೇಕಾಗುತ್ತದೆ, ನಾನು ಸೋಫಾ ಹೊತ್ತುಕೊಂಡು ಹೋಗಬೇಕೇ ಎಂದು ಕೇಳಿದರೆ ಎದ್ದು ಕೈ ತೊಳೆಯಲು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಮತ್ತೆ, "ಅಲ್ಲ, ಆ ದೊಡ್ಡದು..."

ಸರಿ, ಹೋಗಿ ನೋಡಿಯೇ ಬಿಡೋಣವೆಂದು ಎರಡು ವಾರದ ಹಿಂದೆ ಶೋರೂಮಿಗೆ ಹೋದೆವು. ಇನ್ನು ಮುಂದಿನದು ಓದಿ ನಗಬೇಡ. ಎಲ್ಲರೂ ಬೈಕು ನೋಡಲು ಹೋದರೆ ಎಂಜಿನ್ ನೋಡುತ್ತಾರೆ, ಬ್ರೇಕು ನೋಡುತ್ತಾರೆ. ನಾನು ದೊಡ್ಡದರ ಸೀಟು ನೋಡಿದೆ. ಎಂಥ ಸೀಟು ಅಂತೀಯೆ! ಹೆಬ್ಬೆರಳಲ್ಲಿ ಒತ್ತಿದರೆ ನಿಧಾನಕ್ಕೆ ತಗ್ಗಿ ನಿಧಾನಕ್ಕೆ ಮೇಲೇಳುತ್ತದೆ. ಒಳಗೆ ಎಷ್ಟು ಪದರ ಫೋಮ್ ಹಾಕಿರಬಹುದೆಂದು ತಡೆದುಕೊಳ್ಳಲಾಗಲಿಲ್ಲ. ಅಂಚಿನಲ್ಲಿ ಮೂರೇ ಮೂರು ಹೊಲಿಗೆ ಬಿಚ್ಚಿ ಇಣುಕಿದೆ. ಮಾರಾಟದ ಹುಡುಗ ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಹಿಡಿದುಕೊಂಡು, "ಮೇಡಂ! ಏನ್ ಮಾಡ್ತಿದೀರಾ ಮೇಡಂ!" ಎಂದು ಕಿರುಚಿದ. ನಾನು ಕೈಚೀಲದಿಂದ ಬಾಗಿದ ಸೂಜಿ ತೆಗೆದು ಎರಡು ನಿಮಿಷದಲ್ಲಿ ಹೊಲಿದು ಕೊಟ್ಟೆ. ಮೊದಲಿಗಿಂತ ಚೆನ್ನಾಗಿಯೇ ಹೊಲಿದೆ. ಅದನ್ನು ಅವನಿಗೆ ಹೇಳಿದರೆ ಅವನಿಗೆ ಸಂತೋಷವೇನೂ ಆಗಲಿಲ್ಲ.

ಆ ಸೀಟಿಗೆ ಮರುಳಾಗಿ ನನ್ನ ಮನಸ್ಸೂ ದೊಡ್ಡದರ ಕಡೆಗೇ ವಾಲಿತು ನೋಡು. ಇಪ್ಪತ್ತೆರಡು ವರ್ಷ ಸೀಟು ಹೊಲಿದವಳು ಮಾಡುವ ತಪ್ಪು ಇದು. ಕೂರಲು ಚೆನ್ನಾಗಿದ್ದರೆ ಓಡಿಸಲೂ ಚೆನ್ನಾಗಿರುತ್ತದೆ ಎಂದುಕೊಂಡೆ. ಹಿಂಬದಿಯ ಅಂಗಳದಲ್ಲಿ ಒಂದು ಸುತ್ತು ಓಡಿಸಿ ನೋಡಿ ಎಂದರು. ನೇರಕ್ಕೆ ಬೆಣ್ಣೆಯಂತೆ ಹೋಯಿತು. ಕೊನೆಯಲ್ಲಿ ತಿರುಗಿಸಲು ನಿಧಾನ ಮಾಡಿದೆ. ಅಲ್ಲಿ ಸ್ವಲ್ಪ ಜಲ್ಲಿ. ಆ ಅಗಲ ಸೀಟಿನ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಪೂರ್ತಿ ಊರುವುದಿಲ್ಲ, ಬೆರಳ ತುದಿ ಮಾತ್ರ ತಾಗುತ್ತದೆ. ಬೈಕು ಎಡಕ್ಕೆ ವಾಲಿತು. ತಡೆಯಲು ಹೋದೆ. ಇನ್ನೂರ ನಲವತ್ತು ಕಿಲೋವನ್ನು ಎಡಗಾಲಿನ ಹೆಬ್ಬೆರಳು ತಡೆಯುತ್ತದೆಯೇ? ಅದನ್ನು ಮೆಲ್ಲಗೆ ಮಲಗಿಸಿ ನಾನು ಪಕ್ಕಕ್ಕೆ ಹಾರಿಕೊಂಡೆ. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಆದರೆ ಸದ್ದಾಯಿತಲ್ಲ. ಬಾಗಿಲ ಹತ್ತಿರ ನಿಂತಿದ್ದ ನಮ್ಮವರು ಸದ್ದು ಬಂದ ಕಡೆಗೆ ಓಡಿ ಬಂದರು. ಪಕ್ಕದಲ್ಲಿದ್ದ ಹೆಲ್ಮೆಟ್ಟಿನ ಕಪಾಟು ಅವರಿಗೆ ಕಾಣಲಿಲ್ಲ. ಭುಜ ಬಡಿದು, ಏಳೆಂಟು ಹೆಲ್ಮೆಟ್ಟುಗಳು ಉರುಳಿ, ಅವುಗಳ ನಡುವೆ ಅವರು ಕೈ ಮುಂದೆ ಚಾಚಿಕೊಂಡು ನನ್ನನ್ನು ಹುಡುಕುತ್ತಿದ್ದರು. ಅವರೆಲ್ಲಿ ಬೀಳುತ್ತಾರೋ ಎಂದು ಹೆದರಿದೆ. ಆ ಹೆದರಿಕೆಯಲ್ಲಿ ಬಾಯಿಂದ ಬಂದದ್ದು ಮಾತ್ರ ಬೈಗುಳ. "ನೀವು ಅಲ್ಲೇ ನಿಂತ್ಕೊಳ್ರೀ! ಯಾರು ಕರೆದ್ರು ನಿಮ್ಮನ್ನ!" ಎಂದು ಅಷ್ಟು ಜನರ ಮುಂದೆ ಕೂಗಿಬಿಟ್ಟೆ. ಅವರು ನಿಂತರು. ಮಾರಾಟದ ಹುಡುಗನೂ ಇನ್ನೊಬ್ಬ ಗಿರಾಕಿಯೂ ಸೇರಿ ಬೈಕು ಎತ್ತುವವರೆಗೂ ಹಾಗೇ ನಿಂತಿದ್ದರು.

ಬಸ್ಸಿನಲ್ಲಿ ಬರುವಾಗ ಏನು ಹೇಳಿದರು ಗೊತ್ತೇ? "ಬೀಳಿಸದೇ ಯಾರು ಕಲಿತಿದಾರೆ? ದೊಡ್ಡದೇ ತಗೋ."

ನನ್ನ ಪಿತ್ತ ನೆತ್ತಿಗೇರಿತು. ಮನೆ ಬಾಗಿಲು ಹಾಕುವವರೆಗೆ ತಡೆದುಕೊಂಡೆ. "ಓಡಿಸೋಳು ನಾನು, ಬೀಳೋಳು ನಾನು, ಎತ್ತೋಳು ನಾನು. ನಿಮಗೆ ಓಡಿಸೋಕಾಗಲಿಲ್ಲ ಅಂತ ನಿಮ್ಮ ಆಸೆ ತಂದು ನನ್ನ ತಲೆಗೆ ಕಟ್ಟಬೇಡಿ!" ಎಂದೆ. ಅವರು ಒಳಗೆ ಹೋಗಿ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೊಮ್ಮೆ ತೊಳೆದರು. ಜಗಳವಾಡುವ ಗಂಡನಾದರೆ ಎಷ್ಟೋ ವಾಸಿ ಕಣೇ, ಎರಡು ಮಾತು ಆಡಿ ಮುಗಿಸಬಹುದು.

ಅಂಗಡಿಯಿಂದ ಫೋನು ಬರುತ್ತಿದೆ. ಭಾನುವಾರವೂ ಬಿಡುವಿಲ್ಲ. ಉಳಿದದ್ದು ಆಮೇಲೆ.

ಗುರುವಾರ

ಮತ್ತೆ ಕೂತೆ. ಈಗ ಅಂಗಡಿಯಲ್ಲೇ, ನಿನ್ನ ಮೆಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಡಬ್ಬಿಯನ್ನು ಕಿಟಕಿಗೆ ಸರಿಸಿದ್ದೇನೆ.

ಸೋಮವಾರ ಕಲಿಸಿದಾಕೆಯ ಹತ್ತಿರ ಹೋಗಿದ್ದೆ. ಅವಳ ಬಳಿ ಅದೇ ಚಿಕ್ಕ ಕ್ರೂಸರ್ ಒಂದಿದೆ. ಮೈದಾನದಲ್ಲಿ ಹಳೆಯ ಹಾಸಿಗೆ ಹಾಸಿ ಬೈಕನ್ನು ಅದರ ಮೇಲೆ ಮಲಗಿಸಿ, "ಎತ್ತಿ ನೋಡೋಣ" ಎಂದಳು. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸೀಟಿನ ಕೆಳಗಿನ ಕಂಬಿಗೆ, ಸೊಂಟ ಬಾಗಿಸದೆ ಕಾಲಿನ ಬಲದಿಂದ ಹಿಂದಕ್ಕೆ ತಳ್ಳಬೇಕು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಎದ್ದು ನಿಂತಿತು! ನಾನು ಎತ್ತಿದೆ, ನಾನೊಬ್ಬಳೇ. ಅವಳು ಚಪ್ಪಾಳೆ ಹೊಡೆದಳು. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಆಮೇಲೆ ಅದನ್ನೇ ಕೊಟ್ಟು, ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಹೋಗಿ ಬನ್ನಿ ಎಂದಳು. ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರುತ್ತವೆ. ಸೀಟು ಮಾತ್ರ ದರಿದ್ರ, ಹಲಗೆಯ ಮೇಲೆ ಕೂತಂತೆ. ಎಂಬತ್ತು ದಾಟಿದರೆ ಕೈಯೆಲ್ಲ ಜುಮ್ಮೆನ್ನುತ್ತದೆ. ಲಾರಿ ಪಕ್ಕದಲ್ಲಿ ಹೋದರೆ ಗಾಳಿಗೆ ಸ್ವಲ್ಪ ಅಲ್ಲಾಡುತ್ತದೆ, ಹಲ್ಲಿನ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಆದರೂ ಗೋದಾಮು ಮುಗಿದು ರಸ್ತೆ ತೆರೆದುಕೊಂಡ ಕಡೆ ನಾನು ಹೆಲ್ಮೆಟ್ಟಿನೊಳಗೆ ಜೋರಾಗಿ ಹಾಡಿದೆ. ನನ್ನ ಹಾಡು ಕೇಳಿ ನಮ್ಮ ಅಂಗಡಿಯ ಬೆಕ್ಕು ಓಡಿಹೋದದ್ದು ನಿನಗೆ ನೆನಪಿರಬಹುದು. ಅಲ್ಲಿ ಓಡಿಹೋಗಲು ಯಾರೂ ಇರಲಿಲ್ಲ.

ನಿನ್ನೆ ಹೋಗಿ ಚಿಕ್ಕದನ್ನೇ ಬುಕ್ ಮಾಡಿದೆವು. ಬೂದು ಬಣ್ಣದ್ದು, ಮುಂದಿನ ವಾರ ಬರುತ್ತದೆ. ನಮ್ಮವರೂ ಬಂದಿದ್ದರು. ಮತ್ತೆ ವಾದಕ್ಕಿಳಿಯುತ್ತಾರೆಂದು ನಾನು ದಾರಿಯುದ್ದಕ್ಕೂ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಅವರು "ನಿನಗೆ ಹೊಂದೋದೇ ಸರಿ" ಎಂದುಬಿಟ್ಟರು. ಅಷ್ಟು ಉತ್ತರವೂ ದಂಡವಾಯಿತು. ತಮ್ಮನಿಗೆ ಫೋನು ಮಾಡಿ ಹೇಳಿದೆ. "ಅಯ್ಯೋ, ಚಿಕ್ಕದಾ?" ಎಂದ. ಫೋನು ಇಟ್ಟುಬಿಟ್ಟೆ. ನಾನು ಮಾಡಿದ್ದು ಸರಿಯೋ ತಪ್ಪೋ ನೀನೇ ಹೇಳು. ಬೇಡ, ನೀನೂ ಹೇಳಬೇಡ. ಒಬ್ಬರಾದರೂ ಸುಮ್ಮನಿರಿ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡವೆಂದರೆ ಕೇಳುವವಳಲ್ಲ ನೀನು. ಮಗಳ ನರ್ಸಿಂಗ್ ಪರೀಕ್ಷೆ ಯಾವಾಗ? ಅವಳಿಗೆ ನನ್ನ ಆಶೀರ್ವಾದ ಹೇಳು. ಚೆನ್ನಾಗಿ ಬರೆಯಲಿ, ಕೈ ನಡುಗದಿರಲಿ, ಅವಳಿಗೆ ಸಿಗುವ ರೋಗಿಗಳು ನನ್ನಷ್ಟು ಸಿಡುಕರಾಗದಿರಲಿ. ನಿನ್ನ ಅಣ್ಣನಿಗೆ ನಮಸ್ಕಾರ. ನೀನು ನಗುನಗುತ್ತಾ ನೂರು ಕಾಲ ಇರು, ನನ್ನ ಕಾಗದ ತಡವಾದಾಗಲೂ.

ನಿನ್ನ,
ಮೊಂಡುಕತ್ತರಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಬುಕ್ ಮಾಡುವಾಗ ನಮ್ಮವರು ಮಾರಾಟದವನನ್ನು, "ಇದಕ್ಕೆ ಹಿಂದೆ ಒಂದು ಸೀಟು ಹಾಕಿಸ್ಬಹುದಾ?" ಎಂದು ಕೇಳಿದರು. ಚಿಕ್ಕದು ಒಂಟಿ ಸೀಟಿನಲ್ಲಿ ಬರುತ್ತದೆ. ಅವನು ಬಾಯಿ ತೆರೆಯುವ ಮೊದಲೇ ನಾನು "ಬೇಡ" ಎಂದೆ. ಇವರು "ಸುಮ್ನೆ ಕೇಳ್ದೆ" ಎಂದು ಸಹಿ ಮಾಡಲು ಪೆನ್ನು ನನ್ನ ಕೈಗೆ ಕೊಟ್ಟರು.

ಅವರು ದೊಡ್ಡದಕ್ಕೆ ಹಠ ಹಿಡಿದದ್ದು ಅದು ಇಬ್ಬರನ್ನು ಎಳೆಯುತ್ತದೆಂದು. ಆಗಷ್ಟೇ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ದಿನದಿಂದಲೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಸೋಫಾ ಗೀಫಾ ಎಂದು ಹಾರಿಸಿದೆ. ನನಗೆ ಒಬ್ಬಳೇ ಹೋಗಬೇಕು ಕಣೇ. ಎರಡು ವರ್ಷದಿಂದ ಕೈ ಹಿಡಿದು ನಡೆಸಿ ನಡೆಸಿ, ಒಂದು ಗಂಟೆಯಾದರೂ ಯಾರ ಭಾರವೂ ಇಲ್ಲದೆ ಇರಬೇಕು. ಇದನ್ನು ನಿನ್ನ ಹತ್ತಿರ ಬಿಟ್ಟು ಯಾರ ಹತ್ತಿರ ಹೇಳಲಿ? ಒಂದು ಸೀಟು ಹೊಲಿಯಲು ನನಗೆ ಅರ್ಧ ದಿನ ಸಾಕೆಂದು ಅವರಿಗೂ ಗೊತ್ತು. ಮತ್ತೆ ಕೇಳಲಿಲ್ಲ.

ಇಪ್ಪತ್ತಾರು ವರ್ಷ ನಾನು ಅವರ ಹಿಂದೆ ಕೂತು ಓಡಾಡಿದ್ದೇನೆ. ಎಲ್ಲಿಗೆ ಹೊರಟರೂ ಮೊದಲು ಅಂಗಿಯ ತೋಳಿನಿಂದ ಹಿಂದಿನ ಸೀಟು ಒರೆಸಿ, "ಕೂತ್ಕೋ" ಎನ್ನುತ್ತಿದ್ದರು.