ಏಳನೇ ಬ್ಲಾಕಿನ ಷರಾ

ನವೆಂಬರ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಿನ್ನ ಎರಡು ಪತ್ರಗಳೂ ಕೈಸೇರಿವೆ. ಉತ್ತರಕ್ಕೆ ಮೂರು ತಿಂಗಳು ಹಿಡಿಯಿತು, ಬೈದುಕೊಳ್ಳಬೇಡ. ನಿನ್ನ ದನಿ ಕೇಳಿದರೆ ಎಲ್ಲವನ್ನೂ ಒದರಿಬಿಡುತ್ತೇನೆಂದು ಹೆದರಿ ಫೋನನ್ನೂ ಎತ್ತಲಿಲ್ಲ. ಭಾವನವರ ಕಣ್ಣಿನ ಆಪರೇಷನ್ ಸುಸೂತ್ರವಾಯಿತೆಂದು ಓದಿ ಸಮಾಧಾನವಾಯಿತು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಸರ್ಕಾರಿ ಕ್ವಾರ್ಟರ್ಸ್‌ಗಳನ್ನು ಮನೆಮನೆ ಹತ್ತಿ ಇಳಿದು, ಗೋಡೆ ಚಾವಣಿ ತಟ್ಟಿ ನೋಡಿ, ಯಾವುದರ ದುರಸ್ತಿ ತುರ್ತು, ಯಾವುದು ಮುಂದಿನ ವರ್ಷಕ್ಕೆ ಎಂದು ಪಟ್ಟಿ ಮಾಡುವುದು. ಅಲ್ಲಿನವರೆಲ್ಲ ನನ್ನನ್ನು ಸುತ್ತಿಗೆ ಮೇಡಂ ಎನ್ನುತ್ತಾರೆಂದಾಗ ನೀನು ಎಷ್ಟು ನಕ್ಕಿದ್ದೆ.

ಏಳನೇ ಬ್ಲಾಕಿನ ಮೇಲಿನ ಮನೆಯಲ್ಲಿ ನಮ್ಮ ಇಲಾಖೆಯ ಜೀಪ್ ಡ್ರೈವರ್, ಅವನ ಹೆಂಡತಿ, ಎಂಟು ವರ್ಷದ ಮಗಳು ಇದ್ದರು. ಮೇ ತಿಂಗಳ ತಪಾಸಣೆಯಲ್ಲಿ ಅವರ ಅಡುಗೆಮನೆಯ ಚಾವಣಿಗೆ ಸುತ್ತಿಗೆ ತಾಗಿಸಿದರೆ ಬಿರಿದ ಮಡಕೆಯ ಸದ್ದು. ಗಾರೆ ಉದುರಿದ ಕಡೆ ಬೆರಳು ದಪ್ಪದ ಕಂಬಿ ತುಕ್ಕು ತಿಂದು ಕಡ್ಡಿಯಾಗಿತ್ತು. "ಅತಿ ತುರ್ತು, ಮನೆ ತೆರವು ಮಾಡಿಸಬೇಕು" ಎಂದು ಅಂದೇ ಷರಾ ಬರೆದುಕೊಟ್ಟೆ.

ದೊಡ್ಡ ಸಾಹೇಬರು ಕಡತ ಮಡಚಿಟ್ಟರು. "ಅವ್ರನ್ನ ಎಲ್ಲಿಡೋದು? ಖಾಲಿ ಮನೆ ಒಂದೂ ಇಲ್ಲ. ಒಬ್ರಿಗೆ ಹೇಳಿದ್ರೆ ಇಡೀ ಬ್ಲಾಕ್ ಬಂದು ನನ್ನ ಬಾಗಿಲಲ್ಲಿ ಕೂರುತ್ತೆ. ನೀವು ಬಾಯಿ ಬಿಡ್ಬೇಡಿ" ಎಂದರು. ಅದೇ ತಿಂಗಳು ಅವರ ಬಂಗಲೆಯ ಬಚ್ಚಲಿಗೆ ತಿಳಿನೀಲಿ ಟೈಲ್ಸ್ ಬಂತು.

ಆಗಸ್ಟ್ ಒಂಬತ್ತರ ಬೆಳಗ್ಗೆ ಚಾವಣಿ ಕುಸಿಯಿತು. ಡ್ರೈವರನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ಜಡೆ ಹಾಕಿಸಿಕೊಳ್ಳಲು ಬಂದ ಮಗಳು ಬಾಚಣಿಗೆ ಮರೆತಳೆಂದು ಕೋಣೆಗೆ ಹೋಗಿದ್ದಳು, ಹಾಗಾಗಿ ಉಳಿದಳು. ತಾಯಿಯನ್ನು ಹೊರತೆಗೆಯುವಾಗ ನಾನು ಅಲ್ಲೇ ಇದ್ದೆ. ಅದನ್ನು ಬರೆಯಲಾರೆ.

ವಿಚಾರಣೆ ನಡೆಯಿತು. ಸಾಹೇಬರು ಅಮಾನತಾದರು. "ನಿಮ್ಮ ಷರಾನೇ ನಿಮ್ಮನ್ನ ಕಾಪಾಡ್ತು ನೋಡಿ" ಎಂದರು ನಮ್ಮ ಗುಮಾಸ್ತರು. ಈಗ ಊರಿನ ಅಷ್ಟೂ ಕ್ವಾರ್ಟರ್ಸ್‌ಗಳ ದುರಸ್ತಿ ಯೋಜನೆ ನನ್ನ ಹೆಗಲಿಗೆ ಬಿದ್ದಿದೆ. ಎದುರಾದವರೆಲ್ಲ ಹೊಗಳುತ್ತಾರೆ. ನನಗೆ ಮೈಮೇಲೆ ಹುಳ ಹರಿದಂತಾಗುತ್ತದೆ.

ಹೋದ ವಾರ ಡ್ರೈವರನ್ನು ನೋಡಲು ಅವನ ಅಣ್ಣನ ಮನೆಗೆ ಹೋಗಿದ್ದೆ. ಎದ್ದು ಕುರ್ಚಿ ಹಾಕಿದ. ಮಗಳ ತಲೆ ಬಾಚುತ್ತಿದ್ದ, ಬೈತಲೆ ಓರೆಯಾಗಿತ್ತು.

"ನೀವು ಮೊದ್ಲೇ ಬರೆದಿದ್ರಂತೆ ಮೇಡಂ" ಎಂದ. ಮತ್ತೆ ಬಾಚಣಿಗೆ ಹಿಡಿದು, "ಆಫೀಸಿಗೆ ಬರೆದ್ರಿ, ಸರಿ. ನಮಗೂ ಒಂದು ಮಾತು ಹೇಳ್ಬಾರದಿತ್ತಾ? ಮರದ ಕೆಳಗಾದ್ರೂ ಇರ್ತಿದ್ವಿ."



ಈಗ ಹೋದಲ್ಲೆಲ್ಲ ಮೊದಲು ಮನೆಯವರಿಗೆ ಹೇಳಿ, ಆಮೇಲೆ ಕಡತಕ್ಕೆ ಬರೆಯುತ್ತೇನೆ. ಮೂರು ಸಂಸಾರಗಳು ಪಾತ್ರೆಪಗಡೆ ಸಮೇತ ಬಂದು ನಮ್ಮ ಆಫೀಸಿನ ವರಾಂಡದಲ್ಲಿವೆ. ಮೇಲಿನವರು ಬೈಯುತ್ತಾರೆ. ಬೈಯಲಿ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದಂತಾಯಿತು, ಅಷ್ಟೇ.

ಭಾವನವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನನಗೂ ಇರಲಿ, ಮುಂದಿನದನ್ನು ಓದಿದ ಮೇಲೂ.

ನಿನ್ನ ತಂಗಿ,
ಚಿನ್ನಿ

ತಾ.ಕ.: ಡ್ರೈವರಿಗೆ ಗೊತ್ತಿಲ್ಲದ್ದು ಒಂದಿದೆ. ಜೂನಿನಲ್ಲಿ ಅಳತೆಗೆಂದು ಆ ಮನೆಗೆ ಇನ್ನೊಮ್ಮೆ ಹೋಗಿದ್ದೆ, ಅವನಿರಲಿಲ್ಲ. ಅವನ ಹೆಂಡತಿ ಉದುರುವ ಗಾರೆಗೆ ಹೆದರಿ ಒಲೆಯನ್ನು ಆಗಲೇ ಹೊರಗಿನ ಕೋಣೆಗೆ ಸಾಗಿಸಿದ್ದಳು. "ಇಲ್ಲಿ ಜಾಗ ಸಾಲಲ್ಲ ಮೇಡಂ. ಒಳಗೆ ಅಡುಗೆ ಮಾಡಿದ್ರೆ ಏನಾದ್ರೂ ಆಗುತ್ತಾ? ನೀವು ಹೇಳಿದ ಹಾಗೆ ಮಾಡ್ತೀನಿ" ಎಂದಳು. ಸಾಹೇಬರ ಮಾತು ತಲೆಯಲ್ಲಿತ್ತು. "ಏನೂ ಆಗಲ್ಲಮ್ಮ, ಮಾಡ್ಕೊಳ್ಳಿ" ಎಂದುಬಿಟ್ಟೆ. ಆಕೆ ಕೂಡಲೇ ಎಲ್ಲವನ್ನೂ ಮತ್ತೆ ಅಡುಗೆಮನೆಗೆ ಸಾಗಿಸತೊಡಗಿದಳು. ಸಿಲಿಂಡರ್ ಭಾರವಿತ್ತು; ಒಂದು ಕಡೆ ನಾನೇ ಹಿಡಿದೆ.