ತಾವು ಕುಡಿದ ಐವತ್ತು ಚಮಚ

ನಮ್ಮ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದು ಲೋಟ ನೀರು ಕುಡಿದು, ಮರುವಾರ ನನಗೆ ನೋಟಿಸು ಕಳಿಸಿದ ಮಾನ್ಯ ತಪಾಸಣಾಧಿಕಾರಿಗಳೇ,

'ಓಆರ್‌ಎಸ್ ಪುಡಿಗೆ ನಿಗದಿಗಿಂತ ಹೆಚ್ಚು ನೀರು ಬೆರೆಸಿ ಸರ್ಕಾರಿ ಔಷಧಿಯನ್ನು ತೆಳುಗೊಳಿಸಿದ್ದೇಕೆ?' ಎಂದು ಅಂಗನವಾಡಿ ಟೀಚರಾದ ನನ್ನನ್ನು ಕೇಳಿದ್ದೀರಿ. ಹಾಲಿಗೆ ನೀರು ಹಾಕುವವರ ಸಾಲಿಗೆ ನನ್ನನ್ನೂ ಸೇರಿಸಿದ್ದೀರಿ. ಮೂರು ಸಲ ಓದಿದೆ, ಮೂರು ಸಲವೂ ನಗು ತಡೆಯಲಾಗಲಿಲ್ಲ. ಅದರ ಪ್ರತಿ ಕೊಪ್ಪ ಸುತ್ತಿನ ಎಲ್ಲ ಕೇಂದ್ರಗಳಿಗೂ ಹೋಗಿದೆಯೆಂದು ತಿಳಿದ ಮೇಲೆ ನಗು ನಿಂತಿತು. ಆದ್ದರಿಂದ ಉತ್ತರವನ್ನೂ ಎಲ್ಲರೂ ಓದಲೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಅಂದು ಬಸರೀಕಟ್ಟೆ ಸಮೀಪದ ತೋಟದ ಲೈನಿನಲ್ಲಿ ಸುಲೋಚನಮ್ಮನ ಮೊಮ್ಮಗಳು ಭವ್ಯಳಿಗೆ ಭೇದಿ ಹಿಡಿದಿತ್ತು. ಎರಡು ವರ್ಷದ ಕೂಸು, ತೂಕ ಐದೇ ಕಿಲೋ. ತೋಟದ ಆಫೀಸಿನಿಂದ ಡಾಕ್ಟರಿಗೆ ಫೋನ್ ಮಾಡಿದೆ. ಆ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಇಷ್ಟು ಬಡಕಲು ಮಗುವಿಗೆ ಉಪ್ಪು ಜಾಸ್ತಿ ಆದ್ರೆ ಹೃದಯ ತಡ್ಕೊಳಲ್ಲ. ಒಂದು ಪ್ಯಾಕೆಟಿಗೆ ಎರಡು ಲೀಟರ್ ನೀರು, ಹತ್ತು ಚಮಚ ಸಕ್ಕರೆ. ಅರ್ಧ ಗಂಟೆಗೆ ಐದು ಚಮಚ, ಅವಸರ ಬೇಡ. ಪೊಟ್ಯಾಸಿಯಂ ಮದ್ದು ಇಲ್ಲಿಗೆ ಬಂದ ಮೇಲೆ ನಾನು ಸೇರಿಸ್ತೇನೆ. ಜೀಪು ಸಿಕ್ಕಿದ ಕೂಡ್ಲೆ ಹೊರಡಿ."

ಮೊದಲು ಬಂದದ್ದು ತಪಾಸಣೆಗೆ ಹೊರಟ ತಮ್ಮ ಜೀಪು. ತಾವು ಜಗಲಿಯ ಮೇಲೆ ಕುಳಿತಿರಿ, ನಾನು ಒಳಗೆ ಕೂಸಿಗೆ ಚಮಚದಲ್ಲಿ ಕುಡಿಸುತ್ತಿದ್ದೆ. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದು ನಮ್ಮ ಕಡೆ ಉಂಟೇ? ಮನೆಯಲ್ಲಿ ಬೆಲ್ಲ ಇರಲಿಲ್ಲ. ಸುಲೋಚನಮ್ಮ ಕೂಸಿನ ಪಾತ್ರೆಯಿಂದಲೇ ಒಂದು ಲೋಟ ಬಗ್ಗಿಸಿ ತಮ್ಮ ಕೈಗಿತ್ತರು. ಪೂರ್ತಿ ಕುಡಿದ ಮೇಲೆ ತಾವು ಕೇಳಿದಿರಿ: "ಎಂತಮ್ಮ ಇದು, ಚಪ್ಪೆ ಉಂಟಲ್ಲ?" ಅವರು ಹೆಮ್ಮೆಯಿಂದ ಎಲ್ಲ ಅಳತೆ ಹೇಳಿದರು. ತಾವು ಡೈರಿ ತೆಗೆದು ಬರೆದುಕೊಂಡಿರಿ.

ಕೂಸಿನ ಮದ್ದನ್ನೇ ಏಕೆ ಕೊಟ್ಟಿರೆಂದು ನಾನು ಆಮೇಲೆ ಕೇಳಿದ್ದಕ್ಕೆ ಸುಲೋಚನಮ್ಮ, "ಸಾಹೇಬ್ರು ಬಿಸ್ಲಲ್ಲಿ ಬಂದಿದಾರೆ, ಬಾಯಾರಿಕೆಗೆ ಎಂತಾರೂ ಕೊಡ್ದೆ ಹೆಂಗೆ ಕಳ್ಸೋದು ಮಾರಾಯ್ತಿ?" ಎಂದರು.

ಆ ಲೋಟ ಐವತ್ತು ಚಮಚದ್ದು, ಕೂಸಿಗೆ ಐದು ಗಂಟೆಯ ಪಾಲು. ತಾವು ಮುಗಿಸಿದ್ದು ಅರ್ಧ ನಿಮಿಷದಲ್ಲಿ. ಬೇಸರ ಬೇಡ, ಪಾತ್ರೆಯಲ್ಲಿ ಇನ್ನೂ ಇತ್ತು. ಬಾಯಾರಿದ ಸರ್ಕಾರಕ್ಕೆ ನೀರು ಕುಡಿಸಿದ ಪುಣ್ಯ ನಮಗೂ ಇರಲಿ. ಆದರೆ ಮದ್ದಿನ ರುಚಿ ನೋಡಿದವರು ರೋಗಿಯ ಮುಖವನ್ನೂ ನೋಡಬಾರದಿತ್ತೇ? ತಮ್ಮ ಜೀಪು ಹೊರಟಾಗ ಹಿಂದಿನ ಸೀಟು ಖಾಲಿ ಇತ್ತು. ಭವ್ಯ ಆಸ್ಪತ್ರೆಗೆ ಹೋದದ್ದು ಎರಡು ಗಂಟೆ ಬಿಟ್ಟು, ತೋಟದ ಜೀಪಿನಲ್ಲಿ, ದಾರಿಯುದ್ದಕ್ಕೂ ನನ್ನ ಚಮಚ ಚೆಲ್ಲುತ್ತಾ.

ಮೊನ್ನೆ ಪಕ್ಕದ ಕೇಂದ್ರದ ಟೀಚರ್ ಬಂದು ಕೇಳಿದರು: "ನಮ್ಮಲ್ಲೂ ಅಂಥದ್ದೇ ಒಂದು ಕೂಸು ಉಂಟು. ಎರಡು ಲೀಟರ್ ಮಾಡ್ಲಾ, ನೋಟಿಸಿಗೆ ಹೆದರಿ ಒಂದೇ ಮಾಡ್ಲಾ?" ನನಗೆ ಭಯವಾಗುವುದು ಇಲ್ಲಿ. ನನ್ನ ನೋಟಿಸನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿಕೊಳ್ಳುತ್ತೇನೆ, ತೊಂದರೆಯಿಲ್ಲ. ಆ ಕೂಸಿನ ಹೃದಯ ಮಾತ್ರ ತಮ್ಮ ಆದೇಶ ಓದುವುದಿಲ್ಲ.

ಆದ್ದರಿಂದ, ಕಳಿಸಿದ ಪ್ರತಿಗಳನ್ನೆಲ್ಲ ಹಿಂಪಡೆಯಿರಿ. ತೀರಾ ಬಡಕಲು ಮಕ್ಕಳಿಗೆ ಬೇರೆ ಅಳತೆಯೆಂದು, ಡಾಕ್ಟರನ್ನು ಕೇಳಿ, ದಪ್ಪ ಅಕ್ಷರದಲ್ಲಿ ಬರೆದು ಕಳಿಸಿರಿ. ಜೊತೆಗೆ ಲೀಟರಿನ ಗೆರೆಯಿರುವ ಒಂದೊಂದು ಜಗ್ಗನ್ನೂ.

ಭವ್ಯ ಈಗ ಆರು ಕಿಲೋ. ತೂಕದ ತಕ್ಕಡಿಯಲ್ಲಿ ಕೂರಿಸಿದರೆ ಇಳಿಯುವುದಿಲ್ಲ, ಉಯ್ಯಾಲೆ ಎಂದುಕೊಂಡಿದ್ದಾಳೆ. ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಮಾತ್ರ ತನ್ನ ಲೋಟವನ್ನು ಬೆನ್ನ ಹಿಂದೆ ಬಚ್ಚಿಡುತ್ತಾಳೆ.

ಇಂತಿ,
ತಮಗೆ ಚಪ್ಪೆ ನೀರು ಕುಡಿಸಿದ್ದಕ್ಕೆ ಕ್ಷಮೆ ಕೇಳುವ, ಎರಡು ಲೀಟರಿಗೆ ಮಾತ್ರ ಕೇಳದ,
ವನಮಾಲಾ ಟೀಚರ್